ಅವ್ವನ ಮೆಲ್ಬರ್ನ್ ಟಿಕೆಟ್ಟು, ನಡುವೆ ಎರಡು ರಾತ್ರಿ

ನಮ್ಮ ಕಡೆ ಮೊದಲ ಬಾಣಂತನದ ಖರ್ಚು ತವರಿನದು. ತಂಗಿಯನ್ನು ಹಾನಗಲ್ಲಿಗೋ ಶಿಗ್ಗಾವಿಗೋ ಕೊಟ್ಟಿದ್ದರೆ ಒಂದು ಗಾಡಿ ಬಾಡಿಗೆ ಮಾಡಿ ಕರೆತಂದು ಮುಗಿಸಬಹುದಿತ್ತು. ಆಕೆ ಇರುವುದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. 2024ರ ಮೇ ಎರಡನೇ ವಾರಕ್ಕೆ ಡಾಕ್ಟರು ದಿನ ಹೇಳಿದ್ದರು. ಟಿಕೆಟ್ಟು ನಾನೇ ತೆಗೆಸುತ್ತೇನೆ ಎಂದು ಅಳಿಯ ಎರಡು ಸಲ ಫೋನ್ ಮಾಡಿದ. ಅವ್ವ ಒಪ್ಪಲಿಲ್ಲ.

"ಮಗಳ ಬಾಣಂತನಕ್ಕ ಅಳಿಯನ ರೊಕ್ಕದಾಗ ಹೋಗಂಗಿಲ್ಲ. ಮೆಣಸಿನಕಾಯಿ ಅದಾವಲ್ಲ, ಅದರಾಗ ನೋಡ್ರಿ" ಅಂದಳು.

ಆ ವರ್ಷದ ಮೆಣಸಿನಕಾಯಿಯ ಕಥೆ ಹಾವೇರಿ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಬಿದ್ದು, ರೈತರು ಸಿಟ್ಟಿಗೆದ್ದು, ಎಪಿಎಂಸಿ ಆವರಣದಲ್ಲಿ ವಾಹನಗಳು ಸುಟ್ಟವು. ಹಗಲು ಆ ಸುದ್ದಿ ಕಳಿಸುವುದು, ರಾತ್ರಿ ಅದೇ ಮೆಣಸಿನಕಾಯಿಯ ದುಡ್ಡಿನಲ್ಲಿ ಆಸ್ಟ್ರೇಲಿಯಾ ಟಿಕೆಟ್ ಹುಡುಕುವುದು, ಹೀಗೆ ನಡೆದಿತ್ತು ನಮ್ಮ ಮಾರ್ಚ್ ತಿಂಗಳು. ಕೋಲ್ಡ್ ಸ್ಟೋರೇಜಿನಲ್ಲಿದ್ದ ಚೀಲಗಳಲ್ಲಿ ಕೆಲವನ್ನು ಮಾರಿದಾಗ ಟಿಕೆಟ್ಟಿಗೆ ಅಂತ ಎತ್ತಿಟ್ಟದ್ದು 65 ಸಾವಿರ. ಅದರ ಮೇಲೆ ಒಂದು ರೂಪಾಯಿ ಬೇಕಾದರೂ ಸಾಲ.

ಪೇಟೆಯ ಒಬ್ಬ ಏಜೆಂಟರನ್ನು ಕೇಳಿದೆವು. ಹೋಗಿ ಬರುವುದು ಸೇರಿ 84 ಸಾವಿರ ಅಂದರು. ಅವರ ತಪ್ಪೇನಿಲ್ಲ, ನಾವು ಕೇಳಿದ ತಾರೀಖಿಗೆ ಅವರ ಪರದೆಯಲ್ಲಿ ಅದೇ ಕಾಣುತ್ತಿತ್ತು. ಸುದ್ದಿಗೆ ಇಷ್ಟು ಅಂತ ಎಣಿಸಿ ಹಣ ತೆಗೆದುಕೊಳ್ಳುವ ನಮ್ಮಂಥ ಬಿಡಿ ವರದಿಗಾರರಿಗೆ ಉಳಿದ ದಾರಿ ಒಂದೇ, ನಾವೇ ಹುಡುಕುವುದು. ಗಂಡ ಹೆಂಡತಿ ಇಬ್ಬರೂ ಊಟ ಆದ ಮೇಲೆ ಫೋನು ಹಿಡಿದು ಕೂತೆವು. ಹನ್ನೊಂದು ರಾತ್ರಿ ಹಿಡಿಯಿತು. ಆಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ, ಯಾಕೆಂದರೆ ಈಗ ಊರಲ್ಲಿ ಮಗ ಜರ್ಮನಿಗೆ, ಮಗಳು ಐರ್ಲೆಂಡಿಗೆ ಅನ್ನುವ ಮನೆಗಳು ಹೆಚ್ಚಾಗಿವೆ.

ಮೊದಲು ಒಂದು ಮಾತು. ನೇರ ವಿಮಾನ ಯಾಕೆ ದುಬಾರಿ, ನಡುವೆ ಇಳಿದು ಹತ್ತುವುದು ಯಾಕೆ ಅಗ್ಗ? ದೂರ ಅಷ್ಟೇ ಅಲ್ಲವೇ, ಸುತ್ತಿ ಹೋದರೆ ಹೆಚ್ಚೇ ಆಗಬೇಕಲ್ಲ ಎಂದು ನಮ್ಮ ದೊಡ್ಡಪ್ಪ ಕೇಳಿದರು. ಬೀರೂರು ಜಂಕ್ಷನ್ ನೆನಪಿಸಿಕೊಳ್ಳಿ. ನಾಲ್ಕು ಕಡೆಯಿಂದ ಬಂದ ಜನ ಅಲ್ಲಿ ಇಳಿದು ಬೇರೆ ಗಾಡಿ ಹತ್ತುತ್ತಾರೆ. ಸಿಂಗಾಪುರ, ಕ್ವಾಲಾಲಂಪುರ, ದುಬೈ, ದೋಹಾ ಇವು ವಿಮಾನದ ಬೀರೂರುಗಳು. ಬೆಂಗಳೂರಿನಿಂದ ಮೆಲ್ಬರ್ನ್‌ಗೇ ಹೋಗುವವರು ದಿನಕ್ಕೆ ಒಂದು ವಿಮಾನ ತುಂಬುವಷ್ಟು ಇರಲಿಕ್ಕಿಲ್ಲ. ಆದರೆ ಬೆಂಗಳೂರು, ಚೆನ್ನೈ, ಕೊಚ್ಚಿ, ಢಾಕಾದವರನ್ನೆಲ್ಲ ಕ್ವಾಲಾಲಂಪುರದಲ್ಲಿ ಕೂಡಿಸಿದರೆ ದೊಡ್ಡ ವಿಮಾನವೇ ತುಂಬುತ್ತದೆ. ಇನ್ನೊಂದು ಕಡೆ, ಹೀಗೆ ಕೂಡಿಸುವ ಕಂಪನಿಗಳು ಐದಾರು ಇರುವುದರಿಂದ ಅವರವರಲ್ಲೇ ಪೈಪೋಟಿ. ನೇರ ವಿಮಾನದವನು ಮಾರುವುದು ಅನುಕೂಲ. ಬೆಂಗಳೂರಿನಿಂದ ಸಿಡ್ನಿಗೆ 2022ರ ಸೆಪ್ಟೆಂಬರ್‌ನಲ್ಲಿ ನೇರ ವಿಮಾನ ಶುರುವಾಯಿತು, ದೆಹಲಿಯಿಂದ ಮೆಲ್ಬರ್ನ್‌ಗೂ ನೇರ ಇದೆ. ನಮ್ಮ ತಾರೀಖುಗಳಿಗೆ ಎರಡೂ ನಮ್ಮ 65 ಸಾವಿರದ ಹೊರಗಿದ್ದವು.

ನಡುವೆ ಇಳಿಯುವುದನ್ನೇ ಲಾಭ ಮಾಡಿಕೊಂಡವರು ಹಿಂದೆಯೂ ಇದ್ದರು. ಅಮೆರಿಕ ಯುರೋಪಿನ ನಡುವೆ ಐಸ್‌ಲ್ಯಾಂಡ್ ಎಂಬ ಸಣ್ಣ ದ್ವೀಪ ದೇಶ. ಅಲ್ಲಿನ ಲಾಫ್ಟ್‌ಲೈಡಿರ್ ಎಂಬ ವಿಮಾನ ಕಂಪನಿ 1960ರ ದಶಕದಲ್ಲಿ ಕಡಿಮೆ ದರಕ್ಕೆ ತನ್ನ ಊರಿನ ಮೇಲೆ ಹಾಯಿಸಿ ಜನರನ್ನು ಒಯ್ಯುತ್ತಿತ್ತು, ಬೇಕಾದವರು ಅಲ್ಲೇ ಇಳಿದು ಒಂದೆರಡು ದಿನ ನೋಡಿ ಮುಂದೆ ಹೋಗಬಹುದಿತ್ತು. ಕೈಯಲ್ಲಿ ಕಾಸಿಲ್ಲದ ಹುಡುಗರೇ ಹೆಚ್ಚು ಹತ್ತುತ್ತಿದ್ದುದರಿಂದ ಅದಕ್ಕೆ ಹಿಪ್ಪಿ ವಿಮಾನ ಅಂತಲೇ ಹೆಸರು ಬಿದ್ದಿತ್ತು. ಈಗ ಅಬುಧಾಬಿ, ದೋಹಾದವರು ಮಾಡುತ್ತಿರುವುದೂ ಅದನ್ನೇ, ಹೋಟೆಲು ಸೇರಿಸಿ.

ಸರಿ, ಹುಡುಕುವ ಕೆಲಸ. ಗೂಗಲ್ ಫ್ಲೈಟ್ಸ್ ಮತ್ತು ಸ್ಕೈಸ್ಕ್ಯಾನರ್ ಎರಡೂ ಫೋನಿನಲ್ಲೇ ಪುಕ್ಕಟೆ ತೆರೆಯುತ್ತವೆ. ಅವು ಟಿಕೆಟ್ ಮಾರುವ ಅಂಗಡಿಗಳಲ್ಲ, ಯಾವ ಅಂಗಡಿಯಲ್ಲಿ ಎಷ್ಟು ಎಂದು ತೋರಿಸುವ ಕಟ್ಟೆಗಳು. ಗೂಗಲ್ ಫ್ಲೈಟ್ಸ್‌ನಲ್ಲಿ ತಾರೀಖಿನ ಮೇಲೆ ಒತ್ತಿದರೆ ಕ್ಯಾಲೆಂಡರಿನ ಪ್ರತಿ ದಿನದ ಕೆಳಗೆ ದರ ಬರುತ್ತದೆ. ಇದು ಗೊತ್ತಾದ ರಾತ್ರಿಯೇ ನಮ್ಮ ಅರ್ಧ ಸಮಸ್ಯೆ ಬಗೆಹರಿಯಿತು. ಏಪ್ರಿಲ್ ಕೊನೆಯ ವಾರ ನಮ್ಮಲ್ಲಿ ಶಾಲೆಗೆ ರಜೆ, ಎಲ್ಲರೂ ಹೊರಡುತ್ತಾರೆ, ದರ ಏರಿತ್ತು. ಹತ್ತು ದಿನ ಹಿಂದಕ್ಕೆ ಸರಿಸಿದರೆ ಅದೇ ವಿಮಾನ, ಅದೇ ಸೀಟು, 9 ಸಾವಿರ ಕಡಿಮೆ. ಮೇ ಮೊದಲ ವಾರಕ್ಕೆ ಸರಿಸಿದರೆ ಇನ್ನೂ ಒಂದೂವರೆ ಸಾವಿರ ಇಳಿಯುತ್ತಿತ್ತು. ಆದರೆ ಕೂಸು ಕ್ಯಾಲೆಂಡರ್ ನೋಡಿ ಹುಟ್ಟುವುದಿಲ್ಲವಲ್ಲ. ಏಪ್ರಿಲ್ ಮಧ್ಯಕ್ಕೇ ಗಟ್ಟಿ ಮಾಡಿದೆವು. ಅವ್ವನಿಗೆ ಇದ್ದ ಒಂದೇ ತಕರಾರು, ಮೇ 7ರ ಲೋಕಸಭೆ ಮತದಾನ ತಪ್ಪುತ್ತದೆ ಎಂಬುದು. ಅದನ್ನು ಈಗಲೂ ಅನ್ನುತ್ತಾಳೆ.

ಮಂಗಳವಾರ ರಾತ್ರಿ ತೆಗೆದರೆ ಅಗ್ಗ, ಫೋನಿನ ಗುಪ್ತ ಕಿಟಕಿಯಲ್ಲಿ ಹುಡುಕಿದರೆ ಅಗ್ಗ, ಹೀಗೆ ವಾಟ್ಸಾಪಿನಲ್ಲಿ ಓಡಾಡುವ ಮಾತುಗಳನ್ನು ನಾವೂ ಪರೀಕ್ಷೆ ಮಾಡಿದೆವು. ನಮ್ಮ ಫೋನು, ಹೆಂಡತಿಯ ಫೋನು, ಡಿಟಿಪಿ ಅಂಗಡಿಯ ಕಂಪ್ಯೂಟರು, ಮೂರರಲ್ಲೂ ಒಂದೇ ದರ. ಒಂದು ವಿಮಾನದ ಸೀಟುಗಳನ್ನು ಕಂಪನಿಯವರು ಬೇರೆ ಬೇರೆ ದರದ ಗುಂಪು ಮಾಡಿ ಇಟ್ಟಿರುತ್ತಾರೆ. ಅಗ್ಗದ ಗುಂಪು ಖಾಲಿಯಾದರೆ ಮುಂದಿನ ಗುಂಪಿನ ದರ ಕಾಣುತ್ತದೆ. ನೀವು ಎಷ್ಟು ಸಲ ನೋಡಿದಿರಿ ಎಂದು ಅದು ಏರುವುದಿಲ್ಲ. ದರದ ಮೇಲೆ ಕಣ್ಣಿಡು ಎಂದು ಒಂದು ಗುಂಡಿ ಇರುತ್ತದೆ, ಒತ್ತಿಟ್ಟರೆ ಏರಿಳಿದಾಗ ಇಮೇಲ್ ಬರುತ್ತದೆ. ದಿನಾ ಹುಡುಕುವುದಕ್ಕಿಂತ ಇದು ಮೇಲು.

ಈಗ ನಮ್ಮನ್ನು ಮೂರು ರಾತ್ರಿ ಕಾಡಿದ ವಿಷಯಕ್ಕೆ ಬರುತ್ತೇವೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕಂಡದ್ದು 41 ಸಾವಿರದ ಟಿಕೆಟ್. ನೋಡಿದ ಕೂಡಲೇ ಹೆಂಡತಿ, ತೆಗೆದುಬಿಡೋಣ ಅಂದಳು. ಒಳಗೆ ಹೋಗಿ ಓದಿದರೆ ಅದು ಒಂದು ಟಿಕೆಟ್ ಅಲ್ಲ, ಎರಡು. ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ಒಂದು ಕಂಪನಿ, ಅಲ್ಲಿಂದ ಮೆಲ್ಬರ್ನ್‌ಗೆ ಇನ್ನೊಂದು. ಇಂಗ್ಲಿಷಿನಲ್ಲಿ ಇದಕ್ಕೆ ಸೆಲ್ಫ್ ಟ್ರಾನ್ಸ್‌ಫರ್ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅಂದರೆ ನಡುವಿನ ಊರಿನಲ್ಲಿ ಇಮಿಗ್ರೇಷನ್ ದಾಟಿ ಹೊರಗೆ ಬಂದು, ಪಟ್ಟಿಯ ಮೇಲೆ ತಿರುಗುವ ನಿಮ್ಮ ಚೀಲ ಎತ್ತಿಕೊಂಡು, ಬೇಕಾದರೆ ಬೇರೆ ಟರ್ಮಿನಲ್‌ಗೆ ಹೋಗಿ, ಮತ್ತೆ ಸಾಲಿನಲ್ಲಿ ನಿಂತು ಚೀಲ ಹಾಕಬೇಕು. ಕ್ವಾಲಾಲಂಪುರದಲ್ಲಿ ಎರಡು ಟರ್ಮಿನಲ್‌ಗಳ ನಡುವೆ ರೈಲು ಹತ್ತಬೇಕಾಗುತ್ತದೆ. ಆ ದೇಶದ ವೀಸಾ ನಿಯಮವೂ ನಿಮಗೆ ಅನ್ವಯ. ಎಲ್ಲಕ್ಕಿಂತ ದೊಡ್ಡದು, ಮೊದಲನೆಯ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಅದು ನಿಮ್ಮ ಕರ್ಮ. ಎರಡನೆಯ ಕಂಪನಿಗೆ ಮೊದಲನೆಯ ಕಂಪನಿಯ ಸಂಬಂಧವೇ ಇಲ್ಲ.

ಪಕ್ಕದ ತಾಲ್ಲೂಕಿನ ಒಬ್ಬ ಹುಡುಗ ಓದಲು ಹೋಗುವಾಗ ಹೀಗೇ ಎರಡು ಟಿಕೆಟ್ ತೆಗೆದಿದ್ದ. ಮೊದಲನೆಯದು ಮೂರು ತಾಸು ತಡ. ನಡುವಿನ ಊರಿನಲ್ಲಿ ಕೂತು ಅಪ್ಪನಿಗೆ ಫೋನ್ ಮಾಡಿದ. ಅಪ್ಪ ಇಲ್ಲಿ ರಾತ್ರೋರಾತ್ರಿ ಬಡ್ಡಿಗೆ ಹಣ ತಂದು ಹೊಸ ಟಿಕೆಟ್ ತೆಗೆಸಿದರು. ಉಳಿಸಿದ್ದು ಹತ್ತು, ಹೋದದ್ದು ಮೂವತ್ತು ಸಾವಿರದ ಮೇಲೆ.

ಹುಡುಗರಾದರೆ ಹೇಗೋ. ಅವ್ವನಿಗೆ ಆಗ 61. ಕನ್ನಡ ಓದುತ್ತಾಳೆ, ಕೂಡಿಸಿ ಕೂಡಿಸಿ. ಇಂಗ್ಲಿಷ್ ಇಲ್ಲ, ಹಿಂದಿ ಇಲ್ಲ. ಮೇಲಾಗಿ ಆ 41 ಸಾವಿರದಲ್ಲಿ ಕೈಚೀಲದ 7 ಕಿಲೋ ಮಾತ್ರ ಸೇರಿತ್ತು. ದೊಡ್ಡ ಚೀಲ, ಊಟ ಸೇರಿಸುತ್ತಾ ಹೋದರೆ 52 ಸಾವಿರಕ್ಕೆ ಬಂತು. ಒಂದೇ ಟಿಕೆಟ್ಟಿನಲ್ಲಿ, ಒಂದೇ ಪಿಎನ್ಆರ್ ನಂಬರಿನಲ್ಲಿ, ಚೀಲ ಬೆಂಗಳೂರಿನಲ್ಲಿ ಹಾಕಿದರೆ ಮೆಲ್ಬರ್ನ್‌ನಲ್ಲೇ ಸಿಗುವಂಥದ್ದು 58,400. ವಿಮಾನ ತಪ್ಪಿದರೆ ಮುಂದಿನದರಲ್ಲಿ ಕೂರಿಸುವ ಹೊಣೆ ಕಂಪನಿಯದು. ಆರು ಸಾವಿರದ ಆಸೆಗೆ ಅವ್ವನನ್ನು ಪರದೇಶದ ನಿಲ್ದಾಣದಲ್ಲಿ ಚೀಲ ಹುಡುಕಲು ಬಿಡುವುದು ಬೇಡ ಎಂದು ನಾವಿಬ್ಬರೂ ಒಪ್ಪಿದೆವು. ನಿಮ್ಮ ಮನೆಯಲ್ಲಿ ಓಡಾಡಿ ಗೊತ್ತಿದ್ದವರಿದ್ದರೆ, ನಡುವೆ ಇಡೀ ಒಂದು ದಿನ ಅಂತರ ಇಟ್ಟುಕೊಂಡು ಎರಡು ಟಿಕೆಟ್ ತೆಗೆಯಿರಿ, ತಪ್ಪಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಲ್ಟಿ ಸಿಟಿ ಅನ್ನುವ ಗುಂಡಿ ಒತ್ತಿದ್ದು ಹೆಂಡತಿ. ಹೋಗಿ ಬರುವ ಟಿಕೆಟ್ ಅಂತ ಹುಡುಕಿದರೆ ನಡುವಿನ ಊರಿನಲ್ಲಿ ಮೂರು ನಾಲ್ಕು ತಾಸು ಕೂಡಿಸಿ ಮುಂದೆ ಕಳಿಸುತ್ತಾರೆ. ಮಲ್ಟಿ ಸಿಟಿಯಲ್ಲಿ ನಾವೇ ತುಂಡು ತುಂಡಾಗಿ ಬರೆಯಬಹುದು. ಬೆಂಗಳೂರಿನಿಂದ ಮೆಲ್ಬರ್ನ್, ಮೆಲ್ಬರ್ನ್‌ನಿಂದ ಕ್ವಾಲಾಲಂಪುರ, ಎರಡು ದಿನ ಬಿಟ್ಟು ಕ್ವಾಲಾಲಂಪುರದಿಂದ ಬೆಂಗಳೂರು. ಎಲ್ಲ ಒಂದೇ ಕಂಪನಿ, ಒಂದೇ ಟಿಕೆಟ್. ಬಂದ ದರ 60,900. ಬರೀ ಎರಡೂವರೆ ಸಾವಿರ ಹೆಚ್ಚಿಗೆ, ಇನ್ನೊಂದು ದೇಶ. ಅಂತರರಾಷ್ಟ್ರೀಯ ಟಿಕೆಟ್ಟಿನಲ್ಲಿ 24 ತಾಸಿನ ಒಳಗೆ ಮುಂದಿನ ವಿಮಾನ ಹತ್ತಿದರೆ ಅದು ಸಾಮಾನ್ಯವಾಗಿ ಟ್ರಾನ್ಸಿಟ್, ಅದನ್ನು ಮೀರಿದರೆ ಸ್ಟಾಪ್‌ಓವರ್. ಸ್ಟಾಪ್‌ಓವರ್ ಆದರೆ ಕೆಲವು ದರಗಳಲ್ಲಿ ಹೆಚ್ಚಿಗೆ ಕೊಡಬೇಕು, ಆ ಊರಿನ ವಿಮಾನ ನಿಲ್ದಾಣದ ತೆರಿಗೆಯೂ ಬದಲಾಗುತ್ತದೆ. ಕೆಲವು ಕಂಪನಿಗಳಲ್ಲಿ ಒಂದು ಪೈಸೆ ಹೆಚ್ಚಾಗುವುದಿಲ್ಲ. ಬರೆದು ನೋಡಿದರೇ ಗೊತ್ತಾಗುವುದು.

ತಂಗಿ ಹೇಗೂ ಕೂಸಿನೊಂದಿಗೆ ಆಗಸ್ಟ್‌ನಲ್ಲಿ ಅವ್ವನ ಜೊತೆಗೇ ಊರಿಗೆ ಬರುವವಳಿದ್ದಳು. ಮೂರು ತಿಂಗಳ ಕೂಸಿಗೆ ಒಂದೇ ಸಮ ಹದಿನೈದು ಹದಿನಾರು ತಾಸು ಪ್ರಯಾಣ ಬೇಡ, ನಡುವೆ ನಿಲ್ಲೋಣ ಎಂದು ಆಕೆಯೂ ಹೇಳಿದಳು. ಅಡ್ಡಿಯಾಗಬಹುದಾಗಿದ್ದದ್ದು ವೀಸಾ. 2023ರ ಡಿಸೆಂಬರ್ 1ರಿಂದ ಮಲೇಷ್ಯಾ ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಡ ಎಂದು ಮಾಡಿತ್ತು. ಇದು ಅವಧಿ ಹಾಕಿ ಕೊಟ್ಟ ವಿನಾಯಿತಿ, ಮುಂದುವರಿಸುತ್ತಾ ಬಂದಿದ್ದಾರೆ, ನೀವು ಹೋಗುವ ಮುಂಚೆ ಅವರ ಸರ್ಕಾರದ ಪುಟದಲ್ಲಿ ನೋಡಿಕೊಳ್ಳಿ. ಒಳಗೆ ಹೋಗುವ ಮೂರು ದಿನದೊಳಗೆ ಎಂಡಿಎಸಿ ಎಂಬ ಡಿಜಿಟಲ್ ಆಗಮನ ಚೀಟಿಯನ್ನು ಫೋನಿನಲ್ಲೇ ತುಂಬಬೇಕು. ಅದು ಪುಕ್ಕಟೆ. ಅದಕ್ಕೂ ದುಡ್ಡು ಕೇಳುವ ಪುಟಗಳಿವೆ, ಬಲಿಯಾಗಬೇಡಿ.

ಸಿಂಗಾಪುರಕ್ಕೆ ನಮಗೆ ವೀಸಾ ಬೇಕು. ಆದರೆ ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್‌ನಂಥ ಕೆಲವು ದೇಶಗಳ ವೀಸಾ ಇದ್ದು ಮುಂದಿನ ಟಿಕೆಟ್ ಕೈಯಲ್ಲಿದ್ದರೆ, ಷರತ್ತಿನ ಮೇಲೆ 96 ತಾಸು ವೀಸಾ ಇಲ್ಲದೆ ಬಿಡುತ್ತಾರೆ. ಅಮೆರಿಕ, ಯುರೋಪ್ ಕಡೆ ಹೋಗುವವರಿಗೆ ದುಬೈ, ಅಬುಧಾಬಿಯಲ್ಲಿ 48 ತಾಸು ಮತ್ತು 96 ತಾಸಿನ ಟ್ರಾನ್ಸಿಟ್ ವೀಸಾ ಇದೆ, ವಿಮಾನ ಕಂಪನಿಯ ಮೂಲಕ ಮೊದಲೇ ಮಾಡಿಸಬೇಕು. ಲಂಡನ್ ಮತ್ತು ಯುರೋಪಿನ ಕೆಲವು ನಿಲ್ದಾಣಗಳಲ್ಲಿ ಹೊರಗೆ ಕಾಲಿಡದೆ ಬರೀ ವಿಮಾನ ಬದಲಿಸುವುದಕ್ಕೂ ಕೆಲವರಿಗೆ ವೀಸಾ ಕೇಳುತ್ತಾರೆ. ಬೆಂಗಳೂರಿನ ಕೌಂಟರಿನವರು ಇದನ್ನೆಲ್ಲ ಟಿಮ್ಯಾಟಿಕ್ ಎಂಬ ಪಟ್ಟಿಯಲ್ಲಿ ನೋಡಿ, ಇಲ್ಲದಿದ್ದರೆ ಹತ್ತಿಸುವುದೇ ಇಲ್ಲ. ಟಿಕೆಟ್ ಅಗ್ಗ ಕಂಡ ಕೂಡಲೇ ಮೊದಲು ನಡುವಿನ ಊರು ಯಾವುದು ನೋಡಿ.

ಹಳ್ಳಿಯವರಿಗೆ ಇನ್ನೊಂದು ವಿಷಯ ಇದೆ, ಪಟ್ಟಣದವರು ಬರೆಯುವುದಿಲ್ಲ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ಆಗಿರುತ್ತದೆ. ಕೊಲ್ಲಿ ದೇಶಗಳು, ಮಲೇಷ್ಯಾ ಸೇರಿ 18 ದೇಶಗಳಿಗೆ ಇಂಥವರು ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಸುತ್ತಾಡಲು, ಹಾದುಹೋಗಲು ಬೇಡ. ಆದರೂ ಇಮಿಗ್ರೇಷನ್‌ನಲ್ಲಿ ಪ್ರಶ್ನೆ ಕೇಳುತ್ತಾರೆ, ವಾಪಸ್ ಟಿಕೆಟ್ ಮತ್ತು ಮುಂದಿನ ದೇಶದ ವೀಸಾ ಪ್ರತಿ ಕಾಗದದಲ್ಲೇ ಇರಲಿ. ಐವತ್ತು ದಾಟಿದವರಿಗೆ ಈ ನಿಯಮ ಇಲ್ಲ, ಹಾಗಾಗಿ ಅವ್ವ ಪಾರು. ಮತ್ತೆ, ವೀಸಾ ಬರುವ ಮೊದಲು ಟಿಕೆಟ್ಟಿಗೆ ದುಡ್ಡು ಕಟ್ಟಬೇಡಿ.

ಟಿಕೆಟ್ಟನ್ನು ಕಂಪನಿಯ ಸ್ವಂತ ಪುಟದಲ್ಲೇ ತೆಗೆದೆವು. ಹೆಸರೇ ಕೇಳದ ಒಂದು ಪುಟದಲ್ಲಿ 1,100 ರೂಪಾಯಿ ಕಡಿಮೆ ಇತ್ತು. ನಾಳೆ ವಿಮಾನದ ಸಮಯ ಬದಲಾದರೆ ಯಾರನ್ನು ಕೇಳುವುದು? ನಮ್ಮ ಲೆಕ್ಕದಲ್ಲಿ ಆ 1,100 ಕೊಟ್ಟದ್ದು ಫೋನ್ ಎತ್ತುವವರಿಗಾಗಿ.

ಉಳಿದದ್ದು ಅವ್ವ ಒಬ್ಬಳೇ ಹೋಗುವುದು. ತಿಳಿದವರೆಲ್ಲ ಗಾಲಿಕುರ್ಚಿ ಬರೆಸಿ ಅಂದರು. ಭಾಷೆ ಬಾರದ ಹಿರಿಯರಿಗೆ ಎಲ್ಲರೂ ಮಾಡುವುದು ಇದನ್ನೇ, ತಳ್ಳುವವನು ವಿಮಾನದ ಬಾಗಿಲತನಕ ಒಯ್ಯುತ್ತಾನೆ, ದಾರಿ ತಪ್ಪುವ ಮಾತಿಲ್ಲ. ಅವ್ವ ಕೇಳಿ ಕೆಂಡವಾದಳು. "ದಿನಾ ಎರಡು ಮೈಲಿ ಹೊಲಕ್ಕ ನಡೀತೇನಿ. ಕುರ್ಚಿ ಮ್ಯಾಲೆ ಕುಂತು ಮಂದಿ ಕಡೆ ತಳ್ಳಿಸ್ಕೊಳ್ಳಾಕ ನನಗೇನಾಗೇತಿ?" ನಿಜಕ್ಕೂ ಕಾಲಿಲ್ಲದವರು ಕುರ್ಚಿಗೆ ಕಾಯುತ್ತಾ ಕೂತಿರುವುದೂ ಇದೆ, ಅವ್ವನ ಮಾತು ನಮಗೆ ಸರಿ ಕಂಡಿತು. ಕಂಪನಿಗೆ ಫೋನ್ ಮಾಡಿದಾಗ ಗೊತ್ತಾಯಿತು, ಭಾಷೆ ಬಾರದವರಿಗೆ, ಮೊದಲ ಸಲ ಹೋಗುವವರಿಗೆ ಕೈಹಿಡಿದು ದಾಟಿಸುವ ಸೇವೆ ಬೇರೆಯೇ ಇದೆ. ಮೀಟ್ ಅಂಡ್ ಅಸಿಸ್ಟ್ ಎಂದು ಕೇಳಬೇಕು. ಎಲ್ಲ ಕಂಪನಿಗಳೂ ಕೊಡುವುದಿಲ್ಲ, ಕೊಡುವವರೂ ತಾವಾಗಿ ಹೇಳುವುದಿಲ್ಲ. ಅದನ್ನೇ ಬರೆಸಿದೆವು.

ಒಂದು ಕಾಗದದ ಮೇಲೆ ಬಲಕ್ಕೆ ಇಂಗ್ಲಿಷ್, ಎಡಕ್ಕೆ ಕನ್ನಡ ಬರೆದು ಲ್ಯಾಮಿನೇಷನ್ ಮಾಡಿಸಿ ಕೊಟ್ಟೆವು. ನನಗೆ ಕನ್ನಡ ಮಾತ್ರ ಬರುತ್ತದೆ. ನಾನು ಮೆಲ್ಬರ್ನ್‌ಗೆ ಹೋಗಬೇಕು, ಗೇಟ್ ತೋರಿಸಿ. ನನಗೆ ಸಸ್ಯಾಹಾರ. ನೀರು ಬೇಕು. ನನ್ನ ಮಗಳ ನಂಬರ್ ಇದು. ಅಷ್ಟೇ ಐದು ಸಾಲು. ಬೇಕಾದ ಸಾಲಿನ ಮೇಲೆ ಬೆರಳಿಟ್ಟು ತೋರಿಸುವುದು. ಬೆಂಗಳೂರಿನ ಎರಡನೇ ಟರ್ಮಿನಲ್ ಬಾಗಿಲಲ್ಲಿ ಟಿಕೆಟ್ ಇಲ್ಲದವರನ್ನು ಬಿಡುವುದಿಲ್ಲವಲ್ಲ, ಗಾಜಿನ ಆಚೆ ಅವ್ವ ಆ ಕಾಗದ ಎದೆಗೆ ಹಿಡಿದು ಹೋದದ್ದನ್ನು ನೋಡುತ್ತಾ ನಿಂತೆವು. ತಿರುಗಿ ನೋಡಲಿಲ್ಲ. ಆಮೇಲೆ ಕೇಳಿದರೆ, ತಿರುಗಿದ್ದರ ಹೊಕ್ಕಿರಲಿಲ್ಲ ನಾ ಒಳಗ ಅಂದಳು.

ಕ್ವಾಲಾಲಂಪುರದಲ್ಲಿ ನಾಲ್ಕು ತಾಸು. ಒಬ್ಬ ತಮಿಳು ಹುಡುಗಿ ಬಂದು ಗೇಟಿನತನಕ ಕರೆದೊಯ್ದಳಂತೆ. ಇವಳು ಕನ್ನಡ, ಅವಳು ತಮಿಳು, ಮಾತು ಮಾತ್ರ ನಿಲ್ಲಲಿಲ್ಲವಂತೆ. ಮೆಲ್ಬರ್ನ್‌ನಲ್ಲಿ ಇಳಿಯುವ ಮುಂಚೆ ಕೊಡುವ ಚೀಟಿಯಲ್ಲಿ ತಿನ್ನುವ ಪದಾರ್ಥ ಇದೆ ಎಂದು ಗುರುತು ಹಾಕಿಸು ಎಂದು ಹತ್ತು ಸಲ ಹೇಳಿಕೊಟ್ಟಿದ್ದೆವು, ಪಕ್ಕದ ಸೀಟಿನವರಿಂದ ಹಾಕಿಸಿದಳು, ಸಹಿ ಕನ್ನಡದಲ್ಲಿ. ಆಸ್ಟ್ರೇಲಿಯಾದವರು ಹಾಲು, ತುಪ್ಪ, ಬೀಜ, ಸೊಪ್ಪಿನ ವಿಷಯದಲ್ಲಿ ಬಹಳ ಬಿಗಿ. ಹೇಳದೆ ಒಯ್ದರೆ ದಂಡ, ವೀಸಾ ರದ್ದಾಗುವುದೂ ಉಂಟು. ಹೇಳಿದರೆ ತೆಗೆದು ನೋಡುತ್ತಾರೆ ಅಷ್ಟೇ. ಅಂಟಿನುಂಡೆ ಡಬ್ಬಿ ತೊಟ್ಟಿಗೆ ಹೋಯಿತು, ಪ್ಯಾಕೆಟ್ಟಿನ ಖಾರದಪುಡಿ ಉಳಿಯಿತು. ತುಪ್ಪ, ಅಂಟು, ಕೊಬ್ಬರಿ ಎಲ್ಲ ಅಲ್ಲಿಯ ಇಂಡಿಯಾ ಅಂಗಡಿಯಲ್ಲೇ ಸಿಕ್ಕು, ವಾರದೊಳಗೆ ಅವ್ವ ಮತ್ತೆ ಕಟ್ಟಿದಳು. ಕೂಸು ಹೇಳಿದ ದಿನಕ್ಕಿಂತ ಆರು ದಿನ ಮೊದಲೇ ಬಂತು. ಹೆಣ್ಣು. ಆ ಒಂದೂವರೆ ಸಾವಿರ ಉಳಿಸಲು ಮೇ ಮೊದಲ ವಾರಕ್ಕೆ ತೆಗೆದಿದ್ದರೆ ಅವ್ವ ಬಹುಶಃ ಆಕಾಶದಲ್ಲೇ ಇರುತ್ತಿದ್ದಳು.

ಆಗಸ್ಟ್‌ನ ಆ ಎರಡು ರಾತ್ರಿ ಅವರು ಉಳಿದದ್ದು ಬ್ರಿಕ್‌ಫೀಲ್ಡ್ಸ್ ಎಂಬಲ್ಲಿ. ಕ್ವಾಲಾಲಂಪುರದ ದೊಡ್ಡ ರೈಲು ನಿಲ್ದಾಣದ ಪಕ್ಕ, ನಮ್ಮವರೇ ತುಂಬಿದ ಓಣಿ, ಬಾಳೆಎಲೆ ಊಟ. ಎರಡು ರಾತ್ರಿಯ ಕೋಣೆಗೆ 250 ರಿಂಗಿಟ್, ಆಗ ಒಂದು ರಿಂಗಿಟ್ ಅಂದರೆ 19 ರೂಪಾಯಿ ಸುಮಾರು. ಆ ಖರ್ಚು ತಂಗಿಯದು, ಅದಕ್ಕೆ ಅವ್ವ ಒಪ್ಪಿದಳು, ಯಾಕೆಂದರೆ ಅಷ್ಟೊತ್ತಿಗೆ ಬಾಣಂತನ ಮುಗಿದಿತ್ತು!

ಅಲ್ಲಿಂದ ಬಾಟು ಕೇವ್ಸ್‌ಗೆ ಲೋಕಲ್ ರೈಲು ಹೋಗುತ್ತದೆ. ಸುಣ್ಣದ ಕಲ್ಲಿನ ಗುಡ್ಡ, ಮೇಲೆ ಗವಿ, ಗವಿಯೊಳಗೆ ಮುರುಗನ ಗುಡಿ. ಕೆಳಗೆ ಬಂಗಾರ ಬಣ್ಣದ ಮುರುಗ ನಿಂತಿದ್ದಾನೆ, 140 ಅಡಿ, 2006ರಲ್ಲಿ ನಿಲ್ಲಿಸಿದ್ದು. ಮೇಲೆ ಹೋಗಲು 272 ಮೆಟ್ಟಿಲು. ತಂಗಿ ಕೂಸನ್ನೆತ್ತಿಕೊಂಡು ಕೆಳಗೇ ನೆರಳಲ್ಲಿ ಕೂತಳು. ಅವ್ವ ಚಪ್ಪಲಿ ಬಿಟ್ಟು ಒಬ್ಬಳೇ ಹತ್ತಿದಳು. ನಡುವೆ ಒಂದು ಮಂಗ ಕೈಯಲ್ಲಿದ್ದ ಬಾಳೆಹಣ್ಣು ಕಿತ್ತುಕೊಂಡು ಹೋಯಿತಂತೆ. ಮುಕ್ಕಾಲು ತಾಸಿನ ಮೇಲೆ ಇಳಿದು ಬಂದವಳು ಕೂಸಿನ ಹಣೆಗೆ ವಿಭೂತಿ ಹಚ್ಚಿ ತಂಗಿಗೆ ಹೇಳಿದ್ದು ಇಷ್ಟು:

"ದೇವರಗುಡ್ಡಕ್ಕಿಂತ ಮೆಟ್ಟಿಲ ಸಸಾರ ಅದಾವ. ನಿಮ್ಮಣ್ಣಗ ಫೋನ್ ಹಚ್ಚು, ಕುರ್ಚಿ ಬರೆಸ್ತೇನಿ ಅಂದಿದ್ನಲ್ಲ."